ಹೆಣವಿಲ್ಲದೆ ಬಂದ ತಮಟೆ

ಆ ಹಾಡನ್ನು ನಾನು ಮೊದಲು ಕೇಳಲಿಲ್ಲ. ಕೇಳಿದವರು ಬರೆದದ್ದನ್ನು ಓದಿದೆ. ಗಾಂಧಿ ಬಜಾರಿನ ಹತ್ತಿರ ಒಂದು ಸೈಬರ್ ಸೆಂಟರಿತ್ತು. ಅದರ ಪ್ಲೈವುಡ್ ಗೂಡಿನಲ್ಲಿ ನಾನೂ ನನ್ನ ಜೊತೆ ಕೆಲಸ ಮಾಡುವ ಗೆಳೆಯನೂ ಒಂದೇ ಕುರ್ಚಿಯಲ್ಲಿ ಅರ್ಧರ್ಧ ಕೂತಿದ್ದೆವು. ಇಬ್ಬರೂ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿದ್ದೆವು.

"ಮಗಾ, ನೀನು ಚಿಕ್ಕಂದಿನಲ್ಲಿ ವಿಡಿಯೋ ಗೇಮ್ ಅಂಗಡೀಲಿ ಆಡ್ತಿದ್ಯಲ್ಲ, ಆ ಆಟದ ಮ್ಯೂಸಿಕ್ಕೇ ಇದು. ಯಾರೋ ಪುಣ್ಯಾತ್ಮರು ಯುರೋಪಿನ ಹಳೇ ರಾಜರ ಕಾಲದ ವಾದ್ಯ ಎಲ್ಲಾ ಸೇರಿಸಿ ಬಾರಿಸಿದಾರೆ. ಕೆಳಗೆ ಜನ ಏನೇನು ಬರ್ದಿದಾರೆ ನೋಡು" ಅಂದ.

ಯಾವ್ಯಾವುದೋ ದೇಶದವರು. ಒಬ್ಬನಿಗೆ ಮಂಜಿನಲ್ಲಿ ಕೋಟೆ ಕಂಡಿತ್ತಂತೆ. ಒಬ್ಬನಿಗೆ ಸ್ಕೂಲಿನ ರಜೆ ನೆನಪಾಗಿ ಅಳು ಬಂದಿತ್ತಂತೆ. ಒಬ್ಬ ಹೆಂಗಸು ಬರೆದಿದ್ದಳು: ಎರಡನೇ ನಿಮಿಷದಲ್ಲಿ ಡೋಲು ಶುರುವಾದಾಗ ಎದ್ದು ಹೋಗಿ ಬಾಗಿಲು ಹಾಕಿದೆ, ಯಾಕೆ ಅಂತ ಗೊತ್ತಿಲ್ಲ. ಅದರ ಕೆಳಗೆ ಮೂರು ಜನ "ನಾನೂ" ಅಂತ ಬರೆದಿದ್ದರು.

ನಾವು ನಕ್ಕೆವು. ಅವನು ಹಾಡನ್ನು ಸಿಡಿಗೆ ಹಾಕಿ ಕೊಟ್ಟ.

ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದವನು ನಾನೇ ಮೊದಲು. ಈಗಲೂ ಇದನ್ನು ಹೇಳುವಾಗ ನನ್ನ ಬೆನ್ನು ನೆಟ್ಟಗಾಗುತ್ತದೆ, ಆಗಲಿ. ಅಪ್ಪ ಚಾಮರಾಜಪೇಟೆ ಕಡೆ ಸಾವಿನ ಮೆರವಣಿಗೆಗೆ ತಮಟೆ ಬಾರಿಸುತ್ತಿದ್ದ. ಅಂಗಳದಲ್ಲಿ ಬೆಂಕಿ ಹಾಕಿ ತಮಟೆ ಕಾಯಿಸುತ್ತಿದ್ದರೆ ನಾನು ಒಳಗೆ ಕಿವಿಗೆ ಹತ್ತಿ ತುರುಕಿಕೊಂಡು ಬಿ.ಎಸ್ಸಿ. ಓದಿದೆ. ಕೆಲಸ ಸಿಕ್ಕ ಮೇಲೆ ಬಸವನಗುಡಿಯಲ್ಲಿ ರೂಮು ಹುಡುಕಿದೆ. ಹೋದಲ್ಲೆಲ್ಲ ಅಪ್ಪನ ಕೆಲಸ ಏನು ಅಂತ ಕೇಳುತ್ತಿದ್ದರು. ನಿಜ ಹೇಳಿದೆ. ರೂಮು ಸಿಗಲಿಲ್ಲ.

ಕೊನೆಗೆ ಒಂದು ಹಳೇ ಮನೆಯ ಹಿತ್ತಿಲಿನ ಔಟ್‌ಹೌಸ್ ನೋಡಲು ಹೋದಾಗ ಮನೆಯೊಡತಿಯೂ ಅದನ್ನೇ ಕೇಳಿದರು.

"ವಾದ್ಯ ನುಡಿಸ್ತಾರೆ ಅಮ್ಮ" ಅಂದೆ.

"ಹಾಗಾದ್ರೆ ವಿದ್ವಾಂಸರು ಅನ್ನಿ."

ನಾನು ತಲೆ ಅಲ್ಲಾಡಿಸಿದೆ. ಹೌದು ಅಂತಲೂ ಓದಬಹುದು, ಅಲ್ಲ ಅಂತಲೂ ಓದಬಹುದು. ಅವರು ಹೌದು ಅಂತ ಓದಿಕೊಂಡರು. ಅವರ ಯಜಮಾನರು ರಿಟೈರಾದ ಹೆಡ್‌ಮಾಸ್ಟರು. "ಸಂಗೀತಗಾರರ ಮಗ, ಗಲಾಟೆ ಇರಲ್ಲ ಬಿಡು" ಅಂದರು. ಎರಡು ವರ್ಷ ಗಲಾಟೆ ಇಲ್ಲದೆಯೇ ಇದ್ದೆ.

ಗೆಳೆಯ ಸಿಡಿ ಕೊಟ್ಟ ವಾರದ ಭಾನುವಾರ, ಮೇಷ್ಟ್ರು ಆಸ್ಪತ್ರೆಯಿಂದ ಬಂದು ವಾರವಾಗಿತ್ತು. ನನ್ನ ರೂಮಿನ ಎದುರಿಗಿದ್ದ ಕಿಟಕಿಯ ಪಕ್ಕ ಅವರಿಗೆ ಮಂಚ ಹಾಕಿದ್ದರು. ಮಧ್ಯಾಹ್ನ ಊಟ ಮುಗಿದು ಬೀದಿಯೆಲ್ಲ ಮಲಗಿತ್ತು. ಹೊಸದಾಗಿ ತಂದ ಸ್ಪೀಕರುಗಳನ್ನು ನನ್ನ ಕಿಟಕಿಯಲ್ಲಿಟ್ಟು ಸಿಡಿ ಹಾಕಿದೆ.

ಆಟದಲ್ಲಿ ಅದು ಟಿಣಿಟಿಣಿ ಅನ್ನುವ ಚುರುಕಿನ ರಾಗ. ಇಲ್ಲಿ ಅದೇ ರಾಗ ಕಹಳೆಯಿಂದ ಬಹಳ ನಿಧಾನವಾಗಿ ಬಂತು. ಹಿಂದೆ ಗಂಡಸರು ಬಾಯಿ ಮುಚ್ಚಿಕೊಂಡು ಗುಂಯ್‌ಗುಡುತ್ತಿದ್ದರು. ಎರಡನೇ ನಿಮಿಷಕ್ಕೆ ಚರ್ಮದ ಸದ್ದು. ಎರಡು ಪೆಟ್ಟು, ಬಿಡುವು, ಒಂದು ಪೆಟ್ಟು, ಉದ್ದನೆಯ ಬಿಡುವು.

ಆ ಉದ್ದನೆಯ ಬಿಡುವು ಯಾಕೆ ಅಂತ ನನಗೆ ಗೊತ್ತು. ಹೆಣ ಹೊತ್ತವರು ಅದರಲ್ಲಿ ಹೆಜ್ಜೆ ಇಡುತ್ತಾರೆ.

ಅಪ್ಪ ಅದನ್ನು ನಡಿಗೆ ಪೆಟ್ಟು ಅನ್ನುತ್ತಿದ್ದ. ನಮ್ಮ ಮನೆಯಲ್ಲಿ ಒಂದು ಕಟ್ಟಳೆ ಇತ್ತು: ಹೆಣ ಇಲ್ಲದೆ ನಡಿಗೆ ಪೆಟ್ಟನ್ನು ಚರ್ಮದ ಮೇಲೆ ಹೊಡೆಯುವಂತಿಲ್ಲ. ಕಲಿಯುವವರು ತೊಡೆಯ ಮೇಲೆ ಹೊಡೆದು ಕಲಿಯಬೇಕು. ನನ್ನ ಕೈ ಸಿಡಿಯ ಗುಂಡಿಗೆ ತಾನಾಗಿ ಹೋಯಿತು. ಅರ್ಧಕ್ಕೆ ನಿಲ್ಲಿಸಿದೆ.

ಹೊರಗೆ ಬಂದು ಗೇಟಿನ ಹತ್ತಿರ ನಿಂತೆ. ಎದುರು ಮನೆಯಾಕೆ ಮಲಗಿದ್ದ ಕೂಸನ್ನು ಎಬ್ಬಿಸಿ ಹೆಗಲಿಗೆ ಹಾಕಿಕೊಂಡಿದ್ದಳು. ಬೀದಿಯಲ್ಲಿ ಹೆಣ ಹೋಗುವಾಗ ಮಕ್ಕಳನ್ನು ಮಲಗಲು ಬಿಡುವುದಿಲ್ಲ. ಎರಡು ಮನೆ ಆಚೆ ಇನ್ನೊಂದು ಮಗು ನಿದ್ದೆಗೆಟ್ಟು ಅಳುತ್ತಿತ್ತು. ಮೂಲೆಯ ದರ್ಜಿ ಅಂಗಡಿಯ ಷಟರ್ ಅರ್ಧ ಇಳಿದಿತ್ತು. ಎಲ್ಲರೂ ಬೀದಿಯ ತುದಿ ನೋಡುತ್ತಿದ್ದರು. ಬಿಸಿಲು ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ. ಆದರೂ ಎಷ್ಟೋ ಹೊತ್ತು ಯಾರೂ ಒಳಗೆ ಹೋಗಲಿಲ್ಲ. ಇನ್ನೂ ದಾಟಿ ಹೋಗದ ಹೆಣಕ್ಕೆ ಬೆನ್ನು ತೋರಿಸುವುದು ಹೇಗೆ?

ಮನೆಯೊಳಗಿಂದ ಮೇಷ್ಟ್ರ ದನಿ ಕೇಳಿಸಿತು. "ಯಾರದು ಕಣೇ?"

"ಯಾರೂ ಕಾಣ್ಲಿಲ್ಲ. ಬೇರೆ ರಸ್ತೇಲಿ ಹೋಯ್ತೇನೋ" ಅಂದರು ಮನೆಯೊಡತಿ ಅಮ್ಮ.

"ಹೋಗ್ಲಿಲ್ಲ. ಇಲ್ಲೇ ಬಂದು ನಿಂತಿತು."

ಸಂಜೆ ನಾನೇ ಹೋಗಿ ಹೇಳಿದೆ, ಅದು ನನ್ನ ಸಿಡಿ, ಆಟದ ಹಾಡು ಅಂತ. ಮೇಷ್ಟ್ರು ನಕ್ಕರು. "ಮಗೂಗೆ ಹೇಳೋ ಹಾಗೆ ಹೇಳಬೇಡಪ್ಪ. ಆ ಸದ್ದು ನನಗೆ ಗೊತ್ತಿಲ್ವಾ?" ಇನ್ನೊಂದು ಸಲ ಹಾಕಿ ತೋರಿಸುತ್ತೇನೆ ಅಂದೆ. "ಈ ಮನೇಲಿ ಬೇಡ" ಅಂದರು ಅಮ್ಮ.

ಅವತ್ತಿನಿಂದ ಮೇಷ್ಟ್ರು ಊಟ ಬಿಟ್ಟರು. ಗಂಜಿಯ ಲೋಟ ಹೇಗೆ ಒಳಗೆ ಹೋಗುತ್ತಿತ್ತೋ ಹಾಗೇ ಹೊರಗೆ ಬರುತ್ತಿತ್ತು. ಡಾಕ್ಟರು ಬಂದು ನೋಡಿ, ಮೈಯಲ್ಲಿ ಹೊಸದೇನೂ ತೊಂದರೆ ಇಲ್ಲ ಅಂದು ಹೋದರು. ನಾಲ್ಕನೇ ದಿನ ಬೆಳಿಗ್ಗೆ ಅಮ್ಮ ನನ್ನ ಬಾಗಿಲಿಗೆ ಬಂದರು.

"ಗೇಟಿನ ಹತ್ರ ಯಾರೋ ಕಾಯ್ತಿದಾರೆ, ಒಳಗೆ ಕರಿ ಅಂತಾರೆ ಇವರು. ಇದಕ್ಕೆ ಏನಾದ್ರೂ ಪರಿಹಾರ ಗೊತ್ತಿರೋರು ಇದಾರೇನಪ್ಪ? ನಿಮ್ಮ ತಂದೆ ದೊಡ್ಡೋರು, ಅವರಿಗೇನಾದ್ರೂ..."

ನಾನು ಸುಮ್ಮನಿದ್ದಿದ್ದರೆ ರೂಮು ಉಳಿಯುತ್ತಿತ್ತು. ಆದರೆ ಗಂಜಿಯ ಲೋಟ ಅವರ ಕೈಯಲ್ಲೇ ಇತ್ತು, ಮೇಲೆ ಕೆನೆ ಕಟ್ಟಿತ್ತು.

"ಗೊತ್ತು ಅಮ್ಮ. ಅವರು ವಿದ್ವಾಂಸರಲ್ಲ. ತಮಟೆ ಬಾರಿಸ್ತಾರೆ. ಸಾವಿಗೆ."

ಅವರು ನನ್ನನ್ನು ನೋಡಿದರು, ಆಮೇಲೆ ನಾನು ನಿಂತಿದ್ದ ನೆಲ ನೋಡಿದರು. "ಕರ್ಕೊಂಡು ಬನ್ನಿ" ಅಂದರು.

ಅಪ್ಪ ಸ್ನಾನ ಮಾಡಿ ಬಿಳಿ ಅಂಗಿ ಹಾಕಿಕೊಂಡು ಬಂದ. ತಮಟೆಗೆ ಟವೆಲ್ ಸುತ್ತಿದ್ದ. ನನ್ನ ರೂಮಿಗೆ ಅವನು ಬಂದದ್ದು ಅದೇ ಮೊದಲು. ಅರ್ಧಕ್ಕೆ ನಿಲ್ಲಿಸಿದ್ದನ್ನು ಹೇಳಿ ಹೆಡ್‌ಫೋನ್ ಹಾಕಿ ಕೇಳಿಸಿದೆ. ಕಣ್ಣು ಮುಚ್ಚಿ ಕೇಳಿದ. ಎರಡನೇ ನಿಮಿಷಕ್ಕೆ ಅವನ ಬೆರಳು ತೊಡೆಯ ಮೇಲೆ ಆಡತೊಡಗಿತು. ಒಂದು ಪೆಟ್ಟೂ ಹೆಚ್ಚುಕಮ್ಮಿಯಾಗಲಿಲ್ಲ.

"ಯಾರು ಸತ್ತಿದ್ದು?" ಅಂದ.

"ಯಾರೂ ಇಲ್ಲಪ್ಪ. ಇದು ಆಟ."

"ಆಟದಲ್ಲಿ ಯಾರೂ ಸಾಯಲ್ವಾ?"

"ಸಾಯ್ತಾರೆ. ಆಡೋನೇ ಸಾಯ್ತಾನೆ. ಮತ್ತೆ ಎದ್ದು ಆಡ್ತಾನೆ."

"ನೀನು ಎಷ್ಟು ಸಲ ಸತ್ತಿದ್ದೀಯ?"

"ಲೆಕ್ಕ ಇಟ್ಟಿಲ್ಲ."

ಅಪ್ಪ ನಗಲಿಲ್ಲ. "ಹಂಗಾದ್ರೆ ಸರಿಯಾಗೇ ಹೊಡೆದವ್ರೆ" ಅಂದ. ತಮಟೆಯ ಟವೆಲ್ ಬಿಚ್ಚುತ್ತಾ, "ಅರ್ಧಕ್ಕೆ ನಿಲ್ಲಿಸಿದ್ದು ನಿನ್ ತಪ್ಪು. ನಿಲ್ಲಿಸಿದ ಕಡೆ ಅದು ಕೂತ್ಕೊಂಡ್ಬಿಡ್ತದೆ" ಅಂದ.

ಅಪ್ಪ ಹಿತ್ತಿಲಲ್ಲಿ ಮೇಷ್ಟ್ರ ಕಿಟಕಿಗೆ ಎದುರಾಗಿ ನಿಂತು ತಮಟೆಯನ್ನು ತಿರುವಿ ಹಾಕಿ, ಚರ್ಮ ಮುಟ್ಟದೆ, ಮರದ ಅಂಚಿನ ಮೇಲೆ ಕೋಲಿನಿಂದ ಹೊಡೆದ. ಮೂರು ಸಲ. ಟಕ್, ಟಕ್, ಟಕ್. ತಪ್ಪಿ ಶುರುವಾದ ನಡಿಗೆಯನ್ನು ಮುಗಿಸುವುದು ಹಾಗೆ.

ಕಿಟಕಿಯ ಸರಳಿನ ಹಿಂದೆ ಮೇಷ್ಟ್ರ ಮುಖ ಕಾಣಿಸಿತು. "ನನಗೆ ಬಂದಿದ್ದಲ್ವಾ?"

"ನಿಮಗಲ್ಲ ಸ್ವಾಮಿ."

"ಮತ್ಯಾರಿಗೆ?"

ಅಪ್ಪ ಕೋಲಿನಿಂದ ನನ್ನನ್ನು ತೋರಿಸಿದ. "ಇವನ್ಗೆ. ಚಿಕ್ಕಂದಿನಲ್ಲಿ ಭಾಳ ಸಲ ಸತ್ತವ್ನಂತೆ. ಯಾರೂ ಬಾರಿಸಿರ್ಲಿಲ್ಲ."

ಮೇಷ್ಟ್ರು ನನ್ನನ್ನು ಬಹಳ ಹೊತ್ತು ನೋಡಿದರು. ಬಿಸಿಲಿನಲ್ಲಿ ನಿಂತಿದ್ದರೂ ನನ್ನ ಅಂಗಾಲು ತಣ್ಣಗಿತ್ತು. ಅಮ್ಮ ಅಪ್ಪನಿಗೆ ಕಾಫಿ ತಂದು ಬಟ್ಟೆ ಒಗೆಯುವ ಕಲ್ಲಿನ ಮೇಲಿಟ್ಟರು. "ಚೆನ್ನಾಗಿ ಬಾರಿಸ್ತೀರ" ಅಂದರು.

"ನಾನು ಕಳಿಸಿಕೊಟ್ಟೋರು ಯಾರೂ ಇದುವರ್ಗೆ ದೂರು ಹೇಳಿಲ್ಲ ತಾಯಿ" ಅಂದ ಅಪ್ಪ. ಕಾಫಿ ಕುಡಿದು, ಲೋಟ ತೊಳೆದು, ಕಲ್ಲಿನ ಮೇಲೆ ಬೋರಲು ಹಾಕಿ ಹೋದ.

ಮೇಷ್ಟ್ರು ಮಧ್ಯಾಹ್ನವೇ ಗಂಜಿ ಕುಡಿದರು. ಮಾರನೇ ದಿನ ಅನ್ನ ಕೇಳಿದರು.

ಎರಡು ವಾರದ ನಂತರ ಅಮ್ಮ ಬಾಗಿಲಿಗೆ ಬಂದು, ಊರಿಂದ ನೆಂಟರು ಬರುತ್ತಾರೆ, ರೂಮು ಬೇಕಾಗುತ್ತದೆ ಅಂದರು. ಕಣ್ಣು ಬೇರೆಲ್ಲೋ ಇತ್ತು. ಸರಿ ಅಮ್ಮ ಅಂದೆ. ನನ್ನ ಡಿಗ್ರಿಯ ಸರ್ಟಿಫಿಕೇಟನ್ನು ಗೋಡೆಯಿಂದ ಇಳಿಸಿ ಬಟ್ಟೆಗಳ ನಡುವೆ ಇಟ್ಟುಕೊಂಡೆ. ಆ ಲೋಟ ಇನ್ನೂ ಕಲ್ಲಿನ ಮೇಲೇ ಇತ್ತು, ಅಪ್ಪ ಬೋರಲು ಹಾಕಿದ ಹಾಗೆಯೇ.

ಬ್ಯಾಗು ಹೆಗಲಿಗೇರಿಸಿ ಮೇಷ್ಟ್ರ ಕಿಟಕಿಯನ್ನು ದಾಟಿದೆ. ಗೇಟಿಗೆ ಕೈ ಹಾಕುವಾಗ ಹಿಂದೆ ಸದ್ದಾಯಿತು. ಕಿಟಕಿಯ ಮರದ ಚೌಕಟ್ಟಿನ ಮೇಲೆ ಯಾರೋ ಬೆರಳ ಗೆಣ್ಣಿನಿಂದ ಬಡಿಯುತ್ತಿದ್ದರು. ಟಕ್, ಟಕ್, ಟಕ್.

ಮೇಷ್ಟ್ರು ನನ್ನನ್ನು ಕರೆದರೋ, ಬೀಳ್ಕೊಟ್ಟರೋ, ಮುಗಿಸಿದರೋ, ಇವತ್ತಿಗೂ ನನಗೆ ಗೊತ್ತಿಲ್ಲ. ಮಣ್ಣು ಮಾಡಿ ಬರುವಾಗ ಹಿಂದೆ ತಿರುಗಿ ನೋಡಬಾರದು ಅಂತ ಅಪ್ಪ ಹೇಳಿಕೊಟ್ಟಿದ್ದ. ನೋಡಲಿಲ್ಲ. ಗೇಟು ಎಳೆದುಕೊಂಡು ನಡೆದೆ.