ಹುಂಜವಿಲ್ಲದ ಶೆಡ್ಡಿನಲ್ಲಿ ಹುಂಜದ ಕೂಗು

ಎರಡು ವರ್ಷದ ಹಿಂದಿನ ಮಾರ್ಚ್ ತಿಂಗಳು. ಡಚ್ಚರ ನಾಡಿನ ವಾಗೆನಿಂಗನ್ನಿನ ಒಂದು ಸಂಶೋಧನಾ ತಂಡದಲ್ಲಿ ನಾನು ಸಹಾಯಕ ಸಂಶೋಧಕ. ಹುದ್ದೆಯ ಹೆಸರು ದೊಡ್ಡದು. ಕೆಲಸವೆಂದರೆ ಇಪ್ಪತ್ತನಾಲ್ಕು ಹೇಂಟೆಗಳಿಗೆ ಮೇವು ಹಾಕಿ, ಅವು ಏನು ಗೊಣಗುತ್ತವೆಂದು ದಿನವಿಡೀ ಹೆಡ್‌ಫೋನಿನಲ್ಲಿ ಕೇಳುವುದು. ಕಿರಿಕಿರಿಯಾದಾಗ ಹೇಂಟೆಯ ದನಿ ಹೇಗೆ ಬದಲಾಗುತ್ತದೆಂದು ಕಂಪ್ಯೂಟರಿಗೆ ಕಲಿಸುವ ಯೋಜನೆ ಅದು. ಆ ಶೆಡ್ಡಿನೊಳಗೆ ಹುಂಜಕ್ಕೆ ಪ್ರವೇಶವಿರಲಿಲ್ಲ.

ಕಾಫಿ ವಿರಾಮದಲ್ಲಿ ನನ್ನದು ಇನ್ನೊಂದು ಉದ್ಯೋಗ, ಅಣಕು. ಸ್ಟೇಷನ್ನಿನ ಡಚ್ ಪ್ರಕಟಣೆ, ನಮ್ಮ ಮುಖ್ಯಸ್ಥೆ ಇಂಗ್ಲೆಂಡಿನ ಮಾರ್ಗರೆಟ್ ಅವರ ಕೆಮ್ಮು, ಸಹೋದ್ಯೋಗಿ ಧಾರವಾಡದ ಶ್ರುತಿ ಫೋನಿನಲ್ಲಿ ಅವ್ವನ ಜೊತೆ ಜಗಳವಾಡುವ ಪರಿ. ಕೊನೆಗೆ ಹುಂಜ. ಇಂಗ್ಲಿಷ್ ಹುಂಜ ‘ಕಾಕ್-ಅ-ಡೂಡಲ್-ಡೂ’, ಡಚ್ ಹುಂಜ ‘ಕುಕೆಲೆಕೂ’, ನಮ್ಮದು ‘ಕೊಕ್ಕೊಕ್ಕೋ’. ಮೂರನ್ನೂ ಗಂಟಲಲ್ಲೇ ಸಾಕಿಕೊಂಡಿದ್ದೆ.

ಹೀಗಿರುವಾಗ ರೆಕಾರ್ಡಿಂಗಿನಲ್ಲಿ ಹುಂಜ ಕೂಗಿತು. ಸತತ ಮೂರು ಬೆಳಿಗ್ಗೆ, ಎಂಟೂಕಾಲಿಗೆ ಮೈಕ್ ತಾನಾಗಿ ಆನ್ ಆದ ಬೆನ್ನಿಗೇ. ನಾನು ಮೇವು ಹಾಕಿ ಹೊರಬೀಳುವುದೂ ಆ ಹೊತ್ತಿಗೇ.

ಶ್ರುತಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಪವ್ಯಾ, ಖರೇ ಹೇಳು. ನೀನ ಕೂಗೀದಿ, ಹೌದಿಲ್ಲೋ?”

“ರೆಕಾರ್ಡಿಂಗಲ್ಲಿರೋದು ನಾನಲ್ಲ ಕಣೆ, ನನ್ನಾಣೆ!”

“ಆಣಿ ಮಾಡೂ ದನಿನೂ ನಿಂದೋ ಬ್ಯಾರೆಯವರದೋ, ಯಾರಿಗ್ಗೊತ್ತು?”

ಮಾರ್ಗರೆಟ್ ನಗಲಿಲ್ಲ. ತಿಂಗಳ ಕೊನೆಗೆ ನನ್ನ ಕಾಂಟ್ರಾಕ್ಟ್ ನವೀಕರಣವಾಗಬೇಕಿತ್ತು. ಅದು ಹೋದರೆ ಈ ದೇಶದಲ್ಲಿರುವ ಪರವಾನಗಿಯೂ ಹೋದಂತೆ. ಡೇಟಾ ಕೆಡಿಸುವವನಿಗೆ ನವೀಕರಣ ಯಾರು ಕೊಡುತ್ತಾರೆ?

“ನಂಬಲಾಗದ ಮಾತಿಗೆ ಇಂಗ್ಲಿಷಿನಲ್ಲಿ ಹುಂಜ-ಹೋರಿ ಕತೆ ಅಂತೀವಿ,” ಎಂದರು. “ನಿನ್ನ ಕತೆಯಲ್ಲಿ ಹುಂಜ ಸಿಕ್ಕಿದೆ. ಹೋರಿಯನ್ನು ಎಲ್ಲಿ ಕಟ್ಟಿಹಾಕಿದ್ದೀಯ?”

ಮುಂದಿನ ಎರಡು ದಿನ ಮೇವನ್ನು ಅವರೇ ಹಾಕಿದರು. ಹುಂಜ ಕೂಗಲಿಲ್ಲ. ಕಾಫಿ ಮಷೀನೂ ನನ್ನನ್ನು ವಾರೆಗಣ್ಣಿನಿಂದ ನೋಡತೊಡಗಿತು.

“ನನ್ನ ಗಂಟಲನ್ನೇ ಪರೀಕ್ಷೆ ಮಾಡಿ,” ಎಂದೆ. ಅದೇ ಮೈಕನ್ನು ಕಚೇರಿಗೆ ತಂದು ಅದರ ಮುಂದೆ ನಿಂತೆ. ಕೆಟ್ಟದಾಗಿ ಕೂಗಿದರೆ ನಾಟಕ ಎನ್ನುತ್ತಾರೆಂದು ಜೀವ ತುಂಬಿ ಕೂಗಿದೆ. ದನಿಯನ್ನು ಚಿತ್ರವಾಗಿ ತೋರಿಸುವ ಸ್ಪೆಕ್ಟ್ರೋಗ್ರಾಂನಲ್ಲಿ ರೆಕಾರ್ಡಿಂಗಿನ ಕೂಗು ಒಂದರ ಮೇಲೊಂದು ನೀಟಾಗಿ ಎಳೆದ ಗೆರೆಗಳಂತಿತ್ತು. ನನ್ನದು ಯಾರೋ ತುಳಿದ ರಂಗೋಲಿ.

“ಪವನ್, ಇದು ನೀನಲ್ಲ,” ಎಂದರು ಮಾರ್ಗರೆಟ್. “ನಿನ್ನದು ತುಂಬಾ ಕಳಪೆ.”

ಕೆಲಸ ಉಳಿಯಿತು, ಕಲೆಯ ಮಾನ ಹೋಯಿತು. ಅಷ್ಟಕ್ಕೇ ಮುಗಿಯುತ್ತಿತ್ತೇನೋ. ಆದರೆ ಹುಂಜದ ಕೂಗನ್ನು ಫೋನಿನಿಂದಲೂ ಹಾಕಬಹುದಲ್ಲ; ಅವರ ನೋಟ ಮೆಲ್ಲಗೆ ಶ್ರುತಿಯ ಫೋನಿನತ್ತ ತಿರುಗಿತು. ಶ್ರುತಿ ಫೋನನ್ನು ಎದೆಗವಚಿಕೊಂಡಳು. “ಅಯ್ಯ, ನಾ ಏನ್ ಮಾಡೇನಿ?”

ಒಂದು ಸಂಗತಿಯನ್ನು ನಾನು ಮುಚ್ಚಿಟ್ಟಿದ್ದೆ, ನಿಮ್ಮಿಂದಲೂ. ದಿನಾ ಹೊರಡುವಾಗ ಶೆಡ್ಡಿನ ಬಾಗಿಲಲ್ಲಿ ನಿಂತು ಹೇಂಟೆಗಳಿಗೊಂದು ‘ಕೊಕ್ಕೊಕ್ಕೋ’ ಹಾಕುತ್ತಿದ್ದೆ. ಮೈಕ್ ಆನ್ ಆಗಲು ಇನ್ನೊಂದು ನಿಮಿಷ ಇರುವಾಗ. ಅದೇ ನನ್ನ ಜಾಣತನ. ಈಗ ಬಾಯಿಬಿಟ್ಟರೆ ಉಳಿದ ಕೆಲಸ ಮತ್ತೆ ಹೋಗಬಹುದು. ಬಿಡದಿದ್ದರೆ ಅನುಮಾನ ಶ್ರುತಿಯ ಹೆಗಲೇರುತ್ತದೆ. ಬಾಯಿಬಿಟ್ಟೆ. ಜೀವನದಲ್ಲಿ ಮೊದಲ ಸಲ, ನನ್ನದೇ ದನಿಯಲ್ಲಿ.

ಮರುದಿನ ಮೂವರೂ ಬಾಗಿಲಲ್ಲಿ ನಿಂತೆವು. ನಾನು ಕೂಗಿದೆ. ಒಂದು ನಿಮಿಷ ಮೌನ. ಆಮೇಲೆ ಕಾಲಿನ ಗುರುತುಪಟ್ಟಿಯಲ್ಲಿ ಹದಿನೇಳು ಎಂದಿದ್ದ ಬಿಳಿ ಹೇಂಟೆ ಕತ್ತು ನಿಗುರಿಸಿ, ಅಪ್ಪಟ ಹುಂಜದಂತೆ ಉತ್ತರ ಕೊಟ್ಟಿತು. ಹುಂಜವಿಲ್ಲದ ಗುಂಪಿನಲ್ಲಿ ಯಜಮಾನಿ ಹೇಂಟೆ ಅಪರೂಪಕ್ಕೆ ಹೀಗೆ ಕೂಗುವುದುಂಟು. ದಿನಾ ನನ್ನ ಕೂಗು ಕೇಳಿ ಕೇಳಿ ಇದಕ್ಕೂ ಈಗಷ್ಟೇ ಬಾಯಿ ಬಂದಿತ್ತು.

“ನನ್ನಜ್ಜಿಯ ಹಳ್ಳಿಯಲ್ಲಿ ಹೇಂಟೆ ಕೂಗಿದರೆ ಅಪಶಕುನ, ಅಂದೇ ಕತ್ತು ಮುರಿಯೋರು,” ಎಂದರು ಮಾರ್ಗರೆಟ್.

“ನಮ್ಮ ಕಡೆನೂ ಹಂಗ ರೀ,” ಎಂದಳು ಶ್ರುತಿ.

ಮಾರ್ಗರೆಟ್ ಹೇಂಟೆಯನ್ನೂ ನನ್ನನ್ನೂ ನೋಡಿದರು. “ಇಲ್ಲಿ ಯಾರ ಕತ್ತು ಮುರಿಯೋಣ?”

ಎರಡೂ ಕತ್ತು ಉಳಿದವು. ಆ ಮೂರು ಬೆಳಗಿನ ಡೇಟಾ ಕೈಬಿಟ್ಟು, ಕಾಂಟ್ರಾಕ್ಟನ್ನು ಆರು ತಿಂಗಳು ಮುಂದುವರಿಸಿದರು. ಶೆಡ್ಡಿನ ಬಳಿ ಬಾಯಿ ತೆರೆಯಕೂಡದೆಂಬುದು ಷರತ್ತು.

ಅಣಕಿಸುವಾಗ ಯಾರು ನಗುತ್ತಾರೆಂದಷ್ಟೇ ನೋಡುತ್ತಿದ್ದೆ. ಕೇಳಿ ನಂಬುವವರೂ ಇರುತ್ತಾರೆಂದು ಕಲಿಸಿದ್ದು ಈ ಕೆಲಸ. ಹದಿನೇಳು ಆಮೇಲೆ ಕೂಗಲಿಲ್ಲ. ನಾನು ತುಟಿ ಬಿಗಿಹಿಡಿದು ಹೊರಡುವಾಗ ಮಾತ್ರ ಮೇವು ಬಿಟ್ಟು, ಕತ್ತು ವಾರೆ ಮಾಡಿ ಬಾಗಿಲನ್ನೇ ನೋಡುತ್ತ ಕಾಯುತ್ತಿತ್ತು.