ಪಾಸಿಂಗ್ ಟೈರಿನ ಪಾಲುದಾರರು

ಕಳೆದ ವಾರ ಹೊನ್ನಾವರದಲ್ಲಿ ನನ್ನ ಅಕ್ಕ ಲಾರಿಯಿಂದ ಇಳಿಯಲೇ ಇಲ್ಲ. ಜಾಕ್ ಹಾಕಿ ಲಾರಿಯನ್ನೇ ಎತ್ತಿದರೂ ಇಳಿಯಲಿಲ್ಲ!

ಮೊದಲಿನಿಂದ ಹೇಳುತ್ತೇನೆ. ನನ್ನ ಭಾವ ಗಣಪತಿಗೆ ಕುಮಟಾದಲ್ಲಿ ಸ್ವಂತ ಲಾರಿ ಇದೆ. ಅವರೇ ಮಾಲಕರು, ಅವರೇ ಡ್ರೈವರ್. ಘಟ್ಟದ ಮೇಲಿನಿಂದ ಸಿಮೆಂಟು ತುಂಬಿಕೊಂಡು ದೇವಿಮನೆ ಘಾಟಿ ಇಳಿಸುವುದು ಅವರ ಕೆಲಸ. ಅವತ್ತು ಹೊನ್ನಾವರದಲ್ಲಿ ಲಾರಿಯ ಪಾಸಿಂಗ್ ಇತ್ತು. ಅಂದರೆ ಬ್ರೇಕು, ಲೈಟು, ಟೈರು ಎಲ್ಲ ನೋಡಿ, ಗಾಡಿ ರಸ್ತೆಗೆ ಯೋಗ್ಯ ಎಂದು ಸರಕಾರ ಒಪ್ಪುವ ದಿನ. ಭಾವನ ಜೊತೆ ನಾನೂ ಹೊರಟೆ. ಬರುವಾಗ ಒಳ್ಳೇ ಮೀನು ತರಬಹುದು ಅಂತ ಅಕ್ಕನೂ ಕ್ಯಾಬಿನ್ ಹತ್ತಿದಳು. (ಮೀನಿನ ವಿಷಯದಲ್ಲಿ ಅವಳು ಭಾವನನ್ನು ನಂಬುವುದಿಲ್ಲ.)

ಆರ್‌ಟಿಓ ಸಾಹೇಬರು ಹಾರ್ನ್ ಹೊಡೆಸಿದರು, ವೈಪರ್ ಆಡಿಸಿದರು, ಓಡಿಸಿ ಬ್ರೇಕ್ ಹಾಕಿಸಿದರು. ಬಗ್ಗಿ ಟೈರು ನೋಡಿದರು. ಹೊಸದರ ಹಾಗೆ ಮಿರಿಮಿರಿ! ಲಾರಿ ಪಾಸ್. ಅಕ್ಕನ ಮುಖ ನೋಡಬೇಕಿತ್ತು, ಮಗ ಪಾಸಾದ ಹಾಗೆ.

ವಾಪಸ್ ಬರುವಾಗ ಹೈವೇ ಪಕ್ಕದ ಪಂಕ್ಚರ್ ಅಂಗಡಿಯಲ್ಲಿ ಭಾವ ಗಾಡಿ ನಿಲ್ಲಿಸಿದರು. ಅಲ್ಲಿ ಭಟ್ಕಳದ ಖಾದರ್ ತಮ್ಮ ಲಾರಿ ನಿಲ್ಲಿಸಿಕೊಂಡು ಕಾಯುತ್ತಿದ್ದರು. ಅಂಗಡಿಯವನು ಬಂದವನೇ ನಮ್ಮ ಮುಂದಿನ ಚಕ್ರದ ಹತ್ತಿರ ಜಾಕ್ ಇಟ್ಟ.

"ಎಂತಕ್ಕೆ? ಪಂಕ್ಚರ್ ಆತಾ?" ಅಂದಳು ಅಕ್ಕ.

ಖಾದರ್ ಪಾಪ, ನಗುತ್ತಾ ಹೇಳಿಬಿಟ್ಟರು. "ಪಂಕ್ಚರ್ ಅಲ್ಲ ಅಕ್ಕಾ. ಈಗ ನಂದು ಪಾಸಿಂಗ್. ಈ ಟೈರು ನನ್ನ ಗಾಡಿಗೆ."

ಆಗ ಹೊರಬಿತ್ತು ಗುಟ್ಟು. ಕೆಲವು ಲಾರಿ ಮಾಲಕರು ಸೇರಿ ಪಾಲಿನಲ್ಲಿ ಒಂದು ಸೆಟ್ ಒಳ್ಳೇ ಟೈರು ತಗೊಂಡಿದ್ದಾರೆ. ಯಾರ ಪಾಸಿಂಗೋ ಅವರ ಗಾಡಿಗೆ ಹಾಕುವುದು, ಪಾಸಾದ ಮೇಲೆ ಬಿಚ್ಚಿ ಮುಂದಿನವರಿಗೆ ಕೊಡುವುದು. ಪಾಸಿಂಗ್ ಜಾಗ ಬಿಟ್ಟರೆ ಆ ಟೈರುಗಳು ಬೇರೆ ಊರನ್ನೇ ಕಂಡಿಲ್ಲ. ಸವೆಯುವುದು ಹೇಗೆ? ಹಿಂದಿನ ದಿನವೇ ಬಿಚ್ಚಿಟ್ಟ ನಮ್ಮ ಲಾರಿಯ ನಿಜವಾದ ಟೈರುಗಳು ಅಂಗಡಿಯ ಹಿಂದೆ ಬಿದ್ದಿದ್ದವು. ನಾನೇ ಹೋಗಿ ನೋಡಿದೆ. ಬೋಳು ತಲೆಯಾದರೂ ವಾಸಿ ಮಾರಾಯ್ರೆ!

"ತಮಾ, ಅಕ್ಕನ ಇಳ್ಸೋ" ಅಂದರು ಭಾವ.

"ನಾ ಇಳೂದಿಲ್ಲ. ನಾಳೆ ಎಲ್ಲಿಗೆ ಹೋಗೂದು ನೀವು?"

"ಘಾಟಿಗೆ. ಲೋಡ್ ಉಂಟಲ್ಲೆ."

"ಹೌದಾ? ಸಾಹೇಬ್ರು ಬಗ್ಗಿ ನೋಡೂಕೆ ಚಂದದ ಟೈರು, ಘಾಟಿ ಇಳೂಕೆ ಬೋಳು ಟೈರು! ಸಾಹೇಬ್ರ ಹೆಂಡ್ತಿ ಕುಂಕುಮ ಹೋಗ್ತದ್ಯಾ, ನಂದು ಹೋಗ್ತದ್ಯಾ?"

ಜಾಕ್ ಮೇಲೇರಿತು. ಲಾರಿ ಒಂದು ಕಡೆ ವಾಲಿತು. ಅಕ್ಕ ಕಿಟಕಿಯ ಸರಳು ಹಿಡಿದು ಕುಳಿತೇ ಇದ್ದಳು. ಚಾ ಅಂಗಡಿಯಿಂದ ಜನ ಲೋಟ ಹಿಡಿದುಕೊಂಡೇ ಬಂದರು. ನನಗೋ ಪೇಚಾಟ. ಭಾವನ ಪರ ಮಾತಾಡಲಾ, ಅಕ್ಕನ ಪರವಾ? (ಊಟ ಅಕ್ಕನ ಮನೆಯಲ್ಲಿತ್ತು. ಸುಮ್ಮನಿದ್ದೆ.)

"ಮರ್ಯಾದೆ ಹೋಗ್ತದೆ, ಇಳಿಯೇ ಮಾರಾಯ್ತಿ" ಅಂತ ಭಾವ ಗೋಗರೆದರು.

"ಈ ಟೈರಲ್ಲಿ ನಮ್ಮ ಪಾಲೂ ಉಂಟಲ್ಲ? ಉಳಿದವ್ರ ಪಾಲು ನಾವು ಕೊಡುವಾ. ಖಾದರ್ ಭಾಯ್, ನೀವೂ ನಾಳೆ ಘಾಟಿಗೇಯಾ?"

"ಹೌದಕ್ಕ."

"ಈ ಬೋಳು ಟೈರಿನ ಸುದ್ದಿ ನಿಮ್ಮ ಮನೇಲಿ ಗೊತ್ತುಂಟಾ?"

ಖಾದರ್ ಗಡ್ಡ ಕೆರೆದುಕೊಂಡರು. ತಮ್ಮ ಲಾರಿಯ ಚಕ್ರ ನೋಡಿದರು, ನಮ್ಮದನ್ನೂ ನೋಡಿದರು. ಆಮೇಲೆ ಅಂಗಡಿಯವನಿಗೆ, "ಜಾಕ್ ಇಳಿಸು. ನಾನು ಬೇರೆ ಟೈರು ಹಾಕಿಯೇ ಇನ್ನೊಂದು ದಿನ ಪಾಸಿಂಗಿಗೆ ಬರ್ತೆ" ಅಂದರು. ಹೊರಡುವಾಗ ಕಿಟಕಿಯ ಹತ್ತಿರ ಬಂದು ಮೆಲ್ಲಗೆ, "ಅಕ್ಕಾ, ನನ್ನ ಹೆಂಡ್ತಿಗೆ ಮಾತ್ರ ಹೇಳ್ಬೇಡಿ" ಎಂದರು.

"ಎಸ್‌ಟಿಡಿ ಬೂತ್ ಎಲ್ಲುಂಟು ಅಂತ ಆಗ್ಲಿಂದ ನೋಡ್ತಾ ಇದ್ದೆ" ಅಂದಳು ಅಕ್ಕ!

ಮರುದಿನ ಭಾವ ಅದೇ ಒಳ್ಳೇ ಟೈರಿನಲ್ಲಿ ಸಿಮೆಂಟು ತುಂಬಿ ಘಾಟಿ ಇಳಿದರು. ಮಳೆ ಬಿದ್ದ ರಸ್ತೆ. ತಿರುವಿನಲ್ಲಿ ಎದುರಿಗೆ ತುಂಬಿದ ಬಸ್ಸು. ಸಂಜೆ ನಮ್ಮ ಮನೆಗೆ ಓಡಿಬಂದು, ಚಪ್ಪಲಿ ಕಳಚುವ ಮೊದಲೇ ಕೂಗಿದರು: "ಒತ್ತಿದ ಕೂಡ್ಲೇ ನಿಂತ್ತೋ ತಮಾ! ಇಷ್ಟು ವರ್ಷ ಬ್ರೇಕು ಒತ್ತಿ ದೇವರ ಹೆಸರು ಹೇಳ್ತಿದ್ದೆ. ಈ ಸಲ ಹೆಸರು ಹೇಳೂಕೆ ಪುರ್ಸೊತ್ತೇ ಸಿಕ್ಕಿಲ್ಲ!"

ನಗುತ್ತಿದ್ದರು. ನೀರು ಕೇಳಿ ಎರಡು ಚೊಂಬು ಕುಡಿದರು.

ಲಾರಿಯ ಹಿಂದೆ ಮುಂದೆ ನಾವೆಲ್ಲ ಓಡಾಡುತ್ತೇವೆ. ಸ್ಕೂಟರಿನಲ್ಲಿ, ಬಸ್ಸಿನಲ್ಲಿ, ಶಾಲೆಯ ಮಕ್ಕಳಂತೂ ನಡೆದುಕೊಂಡೇ. ತಪಾಸಣೆ ಇರುವುದು ಸಾಹೇಬರ ಕಣ್ಣಿಗಾ, ನಮ್ಮ ಜೀವಕ್ಕಾ?

ಪಾಲಿನ ಉಳಿದ ಮಾಲಕರಿಗೆ ಈಗ ಅಕ್ಕನ ಮೇಲೆ ವಿಪರೀತ ಸಿಟ್ಟು. "ಸೆಟ್ಟೇ ಹೋಯ್ತು, ಮುಂದಿನ ಪಾಸಿಂಗಿಗೆ ಟೈರು ಎಲ್ಲಿಂದ ತರುವುದು?" ಎಂದು ನನ್ನನ್ನು ಪೇಟೆಯಲ್ಲಿ ನಿಲ್ಲಿಸಿ ಕೇಳುತ್ತಾರೆ.

ಪಾಸಿಂಗಿನ ಮಾರನೇ ದಿನಕ್ಕೆ ಎಲ್ಲಿಂದ ತರುತ್ತೀರಿ ಸ್ವಾಮಿ?