ತೂಕ ಕೇಳುತ್ತಿದ್ದ ಡಾಕ್ಟರು

ಡಾಕ್ಟರ್ ವೆಂಕಟೇಶಯ್ಯನವರು ಎದುರು ಸಿಕ್ಕವರನ್ನು ಊಟ ಆಯ್ತಾ ಎಂದು ಕೇಳಿದವರಲ್ಲ. ತೂಕ ಎಷ್ಟು ಎಂದು ಕೇಳುತ್ತಿದ್ದರು. ಮದುವೆ ಮನೆಯ ಪಂಕ್ತಿಯಲ್ಲಿ, ಹೋಳಿಗೆ ಬಡಿಸುವ ಹೊತ್ತಿಗೆ ಸರಿಯಾಗಿ, ಪಕ್ಕದ ಎಲೆಯವರನ್ನು ಕೇಳಿದ್ದನ್ನು ನಾನೇ ಕಂಡಿದ್ದೇನೆ. ಆಪರೇಷನ್ನಿಗೆ ಮುಂಚೆ ಅರಿವಳಿಕೆ ಕೊಟ್ಟು ಮಲಗಿಸುವ ಡಾಕ್ಟರಾಗಿ ಜೀವಮಾನ ಕಳೆದವರು. ಮದ್ದಿನ ಅಳತೆ ರೋಗಿಯ ತೂಕದ ಮೇಲೆ. ನಿವೃತ್ತರಾಗಿ ಜಯನಗರದ ಮನೆಯಲ್ಲಿ ಕೂತ ಮೇಲೆ ಅವರಿಗೆ ಹಿಡಿದದ್ದು ಗುಡ್ಡ ಹತ್ತಿಳಿಯುವ ಮೌಂಟನ್ ಬೈಕಿನ ಹುಚ್ಚು. ಕುಲುಕಾಟ ತಡೆಯುವ ಅದರ ಸಸ್ಪೆನ್ಷನ್ನಿಗೆ ತುಂಬುವ ಗಾಳಿಯೂ ಸವಾರನ ತೂಕದ ಮೇಲೇ. ಹೀಗಾಗಿ ಡಾಕ್ಟರು ನಿವೃತ್ತರಾದರೂ ಅವರ ಪ್ರಶ್ನೆ ನಿವೃತ್ತವಾಗಲಿಲ್ಲ.

ನನ್ನ ಪ್ಯಾಂಟುಗಳೆಲ್ಲ ಒಂದೊಂದಾಗಿ ನನಗೆ ಕೈಕೊಟ್ಟ ವರ್ಷ ನಾನೂ ಅಂಥದೊಂದು ಸೈಕಲ್ ಕೊಂಡೆ. ಪದ್ಮನಾಭನಗರದಿಂದ ತುಳಿದುಕೊಂಡು ಹೋಗಿ ಅವರ ಗೇಟಿನ ಮುಂದೆ ಏದುಸಿರು ಬಿಡುತ್ತಾ ನಿಂತಾಗ ಪ್ರಶ್ನೆ ಬಂತು.

"ಎಪ್ಪತ್ತೆಂಟು ಸಾರ್," ಎಂದೆ, ಹೊಟ್ಟೆಯನ್ನು ಒಳಗೆಳೆದುಕೊಂಡು.

ಮುಂದಿನ ಚಕ್ರವನ್ನು ಹಿಡಿದಿರುವ ಜೋಡಿ ಕೊಳವೆಗೆ ಫೋರ್ಕ್ ಎನ್ನುತ್ತಾರೆ. ಅವರು ಅದಕ್ಕೆ ಪುಟ್ಟ ಪಂಪಿನಿಂದ ಗಾಳಿ ತುಂಬಿ, ಹೆಲ್ಮೆಟ್ಟು ಬ್ಯಾಗು ಹಾಕಿಸಿ ನನ್ನನ್ನು ಸೈಕಲ್ಲಿನ ಮೇಲೆ ಕೂರಿಸಿದರು. ಹೊಳೆಯುವ ಕೊಳವೆಯ ಮೇಲೊಂದು ರಬ್ಬರ್ ಉಂಗುರ. ನಾವು ಕೂತಾಗ ಫೋರ್ಕ್ ಎಷ್ಟು ಕುಸಿಯಿತೆಂದು ಅದು ತೋರಿಸುತ್ತದೆ. ನನ್ನ ಉಂಗುರ ಅರ್ಧ ದಾರಿ ಓಡಿತ್ತು.

"ಜನ ಸುಳ್ಳು ಹೇಳ್ತಾರೆ, ಉಂಗುರ ಹೇಳಲ್ಲ. ಈಗ ನಿಜ ಹೇಳಿ."

"ತೊಂಬತ್ತೆರಡು."

"ಹೊಟ್ಟೆ ಒಳಗೆ ಎಳ್ಕೊಂಡ್ರೆ ತೂಕ ಕಮ್ಮಿ ಆಗಲ್ರೀ. ಇಷ್ಟು ಗಾಳೀಲಿ ಗುಡ್ಡ ಇಳ್ದಿದ್ರೆ ಫೋರ್ಕು ತಳ ಹೊಡ್ದು, ನೀವು ಹ್ಯಾಂಡಲ್ ಮೇಲಿಂದ ಹಾರ್ಕೊಂಡು ಹೋಗ್ತಿದ್ರಿ."

ಒಳಗೆ ಅವರ ಹೆಂಡತಿ ನಕ್ಕದ್ದು ಸ್ಪಷ್ಟವಾಗಿ ಕೇಳಿಸಿತು.

ಇಷ್ಟಾದರೂ ಬುದ್ಧಿ ಬರಬೇಕಲ್ಲ! ಆಯುಧಪೂಜೆಗೆ ಸೈಕಲ್ಲನ್ನು ಕಾರು ತೊಳೆಯುವ ಕಡೆ ಒಯ್ದು, ರಭಸದ ಪೈಪಿನ ನೀರಲ್ಲಿ ಮೀಯಿಸಿದೆ. ಆ ಹೊಳೆಯುವ ಕೊಳವೆಗಳಿಗೆ ಮೂರು ಬೆರಳಿನಲ್ಲಿ ವಿಭೂತಿ ಬಳಿದು, ಗಂಧ ಕುಂಕುಮ ಇಟ್ಟು, ಚೆಂಡುಹೂವು ಕಟ್ಟಿ, ನಿಂಬೆಹಣ್ಣಿನ ಮೇಲೆ ಚಕ್ರ ಹಾಯಿಸಿದೆ. ಭಕ್ತಿಯಲ್ಲಿ ನನ್ನನ್ನು ಮೀರಿಸುವವರು ಆ ಬೀದಿಯಲ್ಲಿ ಇರಲಿಲ್ಲ. ಹಬ್ಬದ ಅಲಂಕಾರ ಅಳಿಸಬಾರದೆಂದು ಹಾಗೆಯೇ ವಾರವೆಲ್ಲ ಓಡಿಸಿದೆ.

ಮುಂದಿನ ಭಾನುವಾರ ನಮ್ಮ ಗುಂಪು ಗೊಟ್ಟಿಗೆರೆಯ ಆಚೆಯ ಗುಡ್ಡ ಹತ್ತಿತು. ಇನ್ನೇನು ಇಳಿಯಬೇಕು, ಡಾಕ್ಟರು ನನ್ನ ಫೋರ್ಕಿನ ಮುಂದೆ ಕುಕ್ಕುರುಗಾಲಲ್ಲಿ ಕೂತರು. ಕೊಳವೆಯಿಂದ ಬೂದುಬಣ್ಣದ ಎಣ್ಣೆ ಕೆಳಗಿಳಿದಿತ್ತು.

"ಏನ್ರೀ ಇದು?"

"ಎಣ್ಣೆ ಇದ್ರೆ ಒಳ್ಳೇದಲ್ವಾ ಸಾರ್?"

"ಒಳಗಿದ್ರೆ ಒಳ್ಳೇದು! ವಿಭೂತಿ ಹೋಗಿ ಎಣ್ಣೆ ತಡೆಯೋ ರಬ್ಬರ್ ಸೀಲ್ ತಿಂದಿದೆ. ಇದು ಬ್ರೇಕಿಗೆ ಇಳಿದ್ರೆ ಬ್ರೇಕೇ ಹಿಡಿಯಲ್ಲ. ಪೂಜೆ ಬೇಡ ಅನ್ನಲ್ಲ, ಕುಂಕುಮ ಸೀಟಿಗಿಡಿ. ಈಗ ಇಳೀರಿ, ನಡೀರಿ."

ಮಿಕ್ಕವರು ಕೂಗುತ್ತಾ ಗುಡ್ಡ ಇಳಿದು ಹೋದರು. ನಾನು ಸೈಕಲ್ ತಳ್ಳಿಕೊಂಡು ಹೊರಟರೆ ಡಾಕ್ಟರೂ ತಮ್ಮದನ್ನು ತಳ್ಳುತ್ತಾ ಪಕ್ಕದಲ್ಲೇ ಬಂದರು. ನೀವು ಹೋಗಿ ಸಾರ್ ಎಂದೆ. "ಪೇಷಂಟ್ ಬಿಟ್ಟು ಹೋಗೋ ಅಭ್ಯಾಸ ಇಲ್ಲ," ಎಂದರು. ಆವತ್ತು ಆ ಮನುಷ್ಯನ ಮೇಲೆ ನನಗೆ ಹುಟ್ಟಿದ ಪ್ರೀತಿಯನ್ನು ಹೇಗೆ ಹೇಳಲಿ? ಹೇಳಲೂ ಇಲ್ಲ, ದಾರಿಯುದ್ದಕ್ಕೂ ಕಾಲುನೋವೆಂದು ಗೊಣಗಿದೆ.

ಮಧ್ಯಾಹ್ನ ಅವರ ಮನೆಯ ಗ್ಯಾರೇಜಿನಲ್ಲಿ ಹೊಸ ಸೀಲ್ ಹಾಕಿದರು. ಬಿಚ್ಚುವ ಮುಂಚೆ ಗಾಳಿಯನ್ನೆಲ್ಲ ಹೊರಗೆ ಬಿಟ್ಟರು. "ಗಾಳಿ ಇರೋವಾಗ ಬಿಚ್ಚಿದ್ರೆ ಮುಖಕ್ಕೇ ಹಾರತ್ತೆ. ಮೊದ್ಲು ಮಲಗಿಸ್ಬೇಕು, ಆಮೇಲೇನೇ ಬಿಚ್ಚೋದು." ಎಲ್ಲ ಮುಗಿದ ಮೇಲೆ, ನನ್ನ ಕೈಗೆ ಪಂಪು ಕೊಡದೆ, ತಾವೇ ಗಾಳಿ ತುಂಬಿದರು.

ಈ ಬೇಸಿಗೆಯಲ್ಲಿ ಡಾಕ್ಟರು ನಿದ್ದೆಯಲ್ಲೇ ಹೋಗಿಬಿಟ್ಟರು.

ಸ್ವಲ್ಪ ದಿನಕ್ಕೆ ನನ್ನ ಫೋರ್ಕಿನಲ್ಲಿ ಮತ್ತೆ ಎಣ್ಣೆ ಜಿನುಗತೊಡಗಿತು. ಅದನ್ನು ಬಿಚ್ಚದೆ ಗುಡ್ಡಕ್ಕೆ ಹೋಗುವಂತಿಲ್ಲ. ಬಿಚ್ಚಬೇಕೆಂದರೆ ಅವರು ತುಂಬಿದ ಗಾಳಿಯನ್ನು ಹೊರಗೆ ಬಿಡಬೇಕು. ಸೀಲ್ ಇನ್ನೂ ಬಂದಿಲ್ಲ ಎಂದು ಹೆಂಡತಿಗೆ ಹೇಳುತ್ತಾ ಬಂದೆ. ಪೊಟ್ಟಣ ಅವಳ ಕಣ್ಣೆದುರೇ, ಟೀವಿಯ ಪಕ್ಕದಲ್ಲಿತ್ತು. ತೊಂಬತ್ತೆರಡು ಕೆಜಿಯ ಗಂಡಸು ಒಂದು ಹಿಡಿ ಗಾಳಿಗಾಗಿ ಅಳುತ್ತಾನೆಂದರೆ ಯಾರು ನಂಬುತ್ತಾರೆ? ಗುಂಪಿನವರಿಗೆ ಬೆನ್ನುನೋವೆಂದು ಹೇಳಿ ಭಾನುವಾರಗಳನ್ನು ತಪ್ಪಿಸಿಕೊಂಡೆ.

ಮೊನ್ನೆ ಬೆಳಿಗ್ಗೆ ಮನಸ್ಸು ಗಟ್ಟಿ ಮಾಡಿ ಬಾಲ್ಕನಿಯಲ್ಲಿ ಕೂತು, ಮುಚ್ಚಳ ತಿರುಗಿಸಿ, ವಾಲ್ವ್ ಒತ್ತಿದೆ. ಗಾಳಿ ಸುಯ್ಯೆಂದು ಹೊರಟಿತು.

"ಏನ್ರೀ ಅದು ಸದ್ದು? ನಾನಿನ್ನೂ ಕುಕ್ಕರೇ ಇಟ್ಟಿಲ್ಲ," ಎಂದು ಹೆಂಡತಿ ಅಡುಗೆಮನೆಯಿಂದ ಕೂಗಿದಳು.

"ಡಾಕ್ಟ್ರು ತುಂಬಿದ್ದ ಗಾಳಿ ಕಣೇ."

ಅವಳು ಒಲೆ ಆರಿಸಿ ಬಂದು, ಸದ್ದು ಪೂರಾ ನಿಲ್ಲುವ ತನಕ ನನ್ನ ಪಕ್ಕದಲ್ಲಿ ನಿಂತಳು.